ಮೊದಲು ಟ್ರಿಮ್, ಆಮೇಲೆ ಆಟೊಪೈಲಟ್: ಬೇಕಲದ ಕಡಲ ಮೇಲೆ ಒಂದು ಪೂರ್ಣ ಪಾಠ

ನೀರ್ಚಾಲಿನ ನಮ್ಮ ತೋಟದ ಕೆರೆಯ ಬದಿಯಲ್ಲಿ ಅಜ್ಜನ ಕಾಲದ ಏತದ ಕಂಬ ಈಗಲೂ ನಿಂತಿದೆ. ಪಂಪು ಬಂದ ಮೇಲೆ ಅದಕ್ಕೆ ಕೆಲಸವಿಲ್ಲ. ಏತದ ಮರದ ಒಂದು ತುದಿಗೆ ಕೊಡ, ಇನ್ನೊಂದು ತುದಿಗೆ ಕಲ್ಲು. ಕಲ್ಲಿನ ತೂಕ ಹದವಾಗಿದ್ದರೆ ನೀರು ತುಂಬಿದ ಕೊಡ ಬೆರಳಿನ ಬಲಕ್ಕೇ ಮೇಲೆ ಬರುತ್ತದೆ. ಕಲ್ಲು ತಪ್ಪಿದರೆ ರಟ್ಟೆ ಬೀಳುವವರೆಗೆ ಎಳೆಯಬೇಕು. ಕಳೆದ ಬೇಸಿಗೆ ರಜೆಯಲ್ಲಿ ಮನೆಗೆ ಬಂದಿದ್ದ ಅಕ್ಕನ ಮಗ, ಕಂಪ್ಯೂಟರಿನ ಫ್ಲೈಟ್ ಸಿಮ್ಯುಲೇಟರಿನಲ್ಲಿ ಮೂರು ದಿನ ವಿಮಾನ ಹಾರಿಸಿ, ಮಣಿಕಟ್ಟು ಉಜ್ಜಿಕೊಳ್ಳುತ್ತಾ, "ಮಾವ, ಈ ವಿಮಾನ ಮೂಗು ಎತ್ತುತ್ತಲೇ ಇರುತ್ತದೆ. ಇಡೀ ಹೊತ್ತು ತಳ್ಳಿ ಹಿಡಿಯಬೇಕು" ಎಂದಾಗ ಅವನನ್ನು ಕರೆದುಕೊಂಡು ಹೋಗಿ ತೋರಿಸಿದ್ದು ಆ ಕಂಬವನ್ನೇ. ವಿಮಾನದ ಟ್ರಿಮ್ ಎಂದರೆ ಏತದ ಹಿಂಬದಿಯ ಆ ಕಲ್ಲು.

ಅವನು ಟ್ರಿಮ್ ಚಕ್ರವನ್ನು ಒಮ್ಮೆಯೂ ಮುಟ್ಟಿರಲಿಲ್ಲ. ನೆಲ ಬಿಟ್ಟ ಕೂಡಲೇ ಆಟೊಪೈಲಟ್ ಒತ್ತುತ್ತಿದ್ದ. ಅದನ್ನು ತೆಗೆದಾಗಲೆಲ್ಲ ವಿಮಾನ ಕೈಗೆ ಸಿಗದೆ ಜಿಗಿಯುತ್ತಿತ್ತು. ಬಹಳ ಮಂದಿ ಕಲಿಯುವುದು ಹೀಗೆಯೇ. ತೂಕ ಸರಿಹೊಂದಿದ ವಿಮಾನವನ್ನು ಮಾತ್ರ ಆಟೊಪೈಲಟ್ ಚೆನ್ನಾಗಿ ನಡೆಸುತ್ತದೆ. ಆದ್ದರಿಂದ ಈ ಪಾಠದ ಮೊದಲರ್ಧದಲ್ಲಿ ಆಟೊಪೈಲಟ್ ಗುಂಡಿಯನ್ನು ಮುಟ್ಟಬೇಡಿ.

ಬೇಕಾದ ಸಿದ್ಧತೆ

ನಾನು ಹೇಳುವ ಅಂಕಿಗಳೆಲ್ಲ ಸೆಸ್ನಾ 172 ವಿಮಾನದ್ದು. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್, ಎಕ್ಸ್‌ಪ್ಲೇನ್, ಉಚಿತವಾಗಿ ಸಿಗುವ ಫ್ಲೈಟ್‌ಗಿಯರ್ ಮೂರರಲ್ಲೂ ಇದು ಇದೆ. ದೊಡ್ಡ ಜೆಟ್ಟಿನಲ್ಲಿ ಕಲಿಯಲು ಹೊರಡಬೇಡಿ. ಅಲ್ಲಿ ಯಂತ್ರಗಳೇ ಎಲ್ಲವನ್ನೂ ಮುಚ್ಚಿಡುತ್ತವೆ. ಯಾವ ತಪ್ಪಿಗೆ ಯಾವ ಫಲ ಎಂಬುದು ಕಾಣಿಸುವುದೇ ಇಲ್ಲ.

ಮೊದಲು ಸೆಟ್ಟಿಂಗ್ಸ್ ತೆರೆದು, ಕಲಿಯುವವರಿಗೆ ನೆರವಾಗಲೆಂದು ಇಟ್ಟಿರುವ ಆಯ್ಕೆಗಳಲ್ಲಿ ತಾನಾಗಿ ಟ್ರಿಮ್ ಮಾಡುವ ಸೌಲಭ್ಯವಿದ್ದರೆ ಅದನ್ನು ಆಫ್ ಮಾಡಿ. ಅದು ಚಾಲೂ ಇದ್ದರೆ ನೀವು ಒಂದು ಕಡೆ, ಅದು ಇನ್ನೊಂದು ಕಡೆ ಎಳೆಯುತ್ತಿರುತ್ತೀರಿ. ಎರಡನೆಯದಾಗಿ, ಟ್ರಿಮ್‌ನ ಎರಡು ಆಜ್ಞೆಗಳನ್ನು, ಅಂದರೆ ಮೂಗು ಮೇಲಕ್ಕೆ ಮತ್ತು ಮೂಗು ಕೆಳಕ್ಕೆ, ಜಾಯ್‌ಸ್ಟಿಕ್ಕಿನ ಹೆಬ್ಬೆರಳು ತಲುಪುವ ಗುಂಡಿಗಳಿಗೆ ಜೋಡಿಸಿ. ಮೈಕ್ರೋಸಾಫ್ಟ್ ಸಿಮ್ಯುಲೇಟರಿನಲ್ಲಿ ಕೀಬೋರ್ಡಿನ ಬಲಭಾಗದ ಅಂಕಿಗಳಲ್ಲಿ 7 ಒತ್ತಿದರೆ ಮೂಗು ಇಳಿಯುತ್ತದೆ, 1 ಒತ್ತಿದರೆ ಏರುತ್ತದೆ. ಅದರಿಂದಲೂ ಕೆಲಸ ಸಾಗುತ್ತದೆ, ಆದರೆ ಕಣ್ಣು ಪರದೆಯಿಂದ ಕೀಬೋರ್ಡಿಗೆ ಇಳಿದಷ್ಟು ಸಲವೂ ವಿಮಾನ ಎಲ್ಲಿಗೋ ಹೋಗಿರುತ್ತದೆ. ಮೂರನೆಯದಾಗಿ, ಜಾಯ್‌ಸ್ಟಿಕ್ಕಿನ ನಡುಬಿಂದುವಿನಲ್ಲಿ ಸ್ವಲ್ಪ ನಿಷ್ಕ್ರಿಯ ಜಾಗ ಇಡಿ. ನೂರರಲ್ಲಿ ಮೂರರಿಂದ ಐದು ಪಾಲು ಸಾಕು. ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಅಗ್ಗದ ಜಾಯ್‌ಸ್ಟಿಕ್ಕುಗಳ ಒಳಗಿನ ಸಂಪರ್ಕ ಹಾಳಾಗಿ, ಕೈ ಬಿಟ್ಟರೂ ಅವು ಸಣ್ಣಗೆ ನಡುಗುತ್ತಿರುತ್ತವೆ. ಹಾಗೆ ನಡುಗುವ ಕಡ್ಡಿಯಿಂದ ಟ್ರಿಮ್ ಕಲಿಯಲು ಆಗದು. ನಾನು ಮಳೆಗಾಲದಲ್ಲಿ ಅದನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡುತ್ತೇನೆ.

ಹಾರುವ ಮುನ್ನ ಒಮ್ಮೆ ವಿಮಾನವನ್ನು ಹೊರಗಿನಿಂದ ನೋಡಿ. ಬಾಲದ ಅಡ್ಡರೆಕ್ಕೆಯ ಹಿಂಬದಿಯಲ್ಲಿ ಮೇಲೆ ಕೆಳಗೆ ಆಡುವ ಭಾಗ ಎಲಿವೇಟರ್. ಅದರ ಬಲ ಅರ್ಧದ ಅಂಚಿನಲ್ಲಿ ಒಂದು ಸಣ್ಣ ಪಟ್ಟಿ ಇದೆ. ಅದೇ ಟ್ರಿಮ್ ಟ್ಯಾಬ್. ಕಾಕ್‌ಪಿಟ್ಟಿನಲ್ಲಿ ಎಂಜಿನ್ನಿನ ಶಕ್ತಿ ಹೆಚ್ಚುಕಡಿಮೆ ಮಾಡುವ ಥ್ರಾಟಲ್ಲಿನ ಕೆಳಗಿರುವ ಟ್ರಿಮ್ ಚಕ್ರವನ್ನು ಕೆಳಕ್ಕೆ ಉರುಳಿಸಿದರೆ ಆ ಪಟ್ಟಿ ಕೆಳಗೆ ಬಾಗುತ್ತದೆ, ಗಾಳಿ ಅದನ್ನು ತಳ್ಳಿ ಎಲಿವೇಟರನ್ನು ಮೇಲಕ್ಕೆ ಒತ್ತುತ್ತದೆ, ಬಾಲ ಇಳಿದು ಮೂಗು ಏರುತ್ತದೆ. ಅಂಗೈ ಅಗಲದ ಪಟ್ಟಿ ಇಡೀ ವಿಮಾನದ ಮೂಗನ್ನು ಎತ್ತಿ ಹಿಡಿಯುತ್ತದೆ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಜಾಯ್‌ಸ್ಟಿಕ್ಕಿನ ತೊಡಕು

ನಿಜವಾದ ವಿಮಾನದಲ್ಲಿ ಟ್ರಿಮ್ ಮಾಡುವುದು ಅಂಗೈಗೆ ತಿಳಿಯುತ್ತದೆ. ಪೈಲಟ್ ಯೋಕ್ ಎಂಬ ಹಿಡಿಕೆಯನ್ನು ಹಿಡಿದು ಮೂಗನ್ನು ಬೇಕಾದಲ್ಲಿ ನಿಲ್ಲಿಸುತ್ತಾರೆ, ಚಕ್ರ ತಿರುಗಿಸುತ್ತಾರೆ, ಕೈಯ ಮೇಲಿನ ಭಾರ ಕರಗುತ್ತಾ ಹೋಗುತ್ತದೆ. ಭಾರ ಸೊನ್ನೆಯಾದಾಗ ಯೋಕ್ ಇದ್ದಲ್ಲೇ ಉಳಿಯುತ್ತದೆ. ನಮ್ಮ ಮೇಜಿನ ಮೇಲಿನ ಜಾಯ್‌ಸ್ಟಿಕ್ಕಿನಲ್ಲಿ ಇರುವುದು ಸ್ಪ್ರಿಂಗ್. ಅದಕ್ಕೆ ಗಾಳಿಯ ಭಾರ ಗೊತ್ತಿಲ್ಲ. ಯಾವಾಗಲೂ ನಡುವಿಗೇ ಮರಳಲು ನೋಡುತ್ತದೆ. ನೀವು ಕಡ್ಡಿಯನ್ನು ಅಲ್ಲಾಡಿಸದೆ ಹಿಡಿದು ಟ್ರಿಮ್ ಒತ್ತಿದರೆ ಭಾರ ಕಡಿಮೆಯಾಗುವ ಬದಲು ಮೂಗೇ ಸರಿಯುತ್ತದೆ. ಪುಸ್ತಕದಲ್ಲಿ ಓದಿದ್ದನ್ನು ಮಾಡಿ ನೋಡಿದವರು ಗೊಂದಲಕ್ಕೆ ಬೀಳುವುದು ಇಲ್ಲಿ.

ಆದ್ದರಿಂದ ನಾವು ಎರಡು ಕೆಲಸಗಳನ್ನು ಒಟ್ಟಿಗೆ ಮಾಡಬೇಕು. ಕಡ್ಡಿಯನ್ನು ಮುಂದಕ್ಕೆ ತಳ್ಳಿ ಹಿಡಿದಿದ್ದೀರಿ ಎನ್ನಿ. ಮೂಗು ಕೆಳಕ್ಕೆ ಇಳಿಯುವ ಟ್ರಿಮ್ಮನ್ನು ಒಂದು ಸಲ ತಟ್ಟಿ. ಮೂಗು ಕೂದಲೆಳೆಯಷ್ಟು ಇಳಿಯಲು ಹೊರಡುತ್ತದೆ. ಅದು ಇಳಿಯದ ಹಾಗೆ ಕಡ್ಡಿಯ ಒತ್ತಡವನ್ನು ಅಷ್ಟೇ ಸಡಿಲಿಸಿ. ಮತ್ತೆ ತಟ್ಟಿ, ಮತ್ತೆ ಸಡಿಲಿಸಿ. ಹೀಗೆ ಐದಾರು ಸಲ ಆಗುವಾಗ ಕಡ್ಡಿ ನಡುವಿಗೆ ಬಂದು ನಿಂತಿರುತ್ತದೆ, ಮೂಗು ಮಾತ್ರ ದಿಗಂತದ ಮೇಲಿನ ಅದೇ ಜಾಗದಲ್ಲಿ ಇರುತ್ತದೆ. ಮಲಗಿದ ಮಗುವನ್ನು ಒಂದು ಮಡಿಲಿನಿಂದ ಇನ್ನೊಂದು ಮಡಿಲಿಗೆ ದಾಟಿಸುವಾಗ ಈ ಕೈ ಬಿಡುವ ಮೊದಲೇ ಆ ಕೈ ಹಿಡಿದಿರುತ್ತದಲ್ಲ, ಹಾಗೆ. ಅಕ್ಕನ ಮಗನಿಗೆ ಇಷ್ಟು ಕೈಗೆ ಬರಲು ಎರಡು ಸಂಜೆ ಬೇಕಾಯಿತು. ನನಗೆ ಹೇಳಿಕೊಡುವವರು ಇರಲಿಲ್ಲ, ತಿಂಗಳು ಹಿಡಿಯಿತು.

ಇನ್ನೊಂದು ನಿಯಮ: ಟ್ರಿಮ್ಮಿನಿಂದ ವಿಮಾನ ಹಾರಿಸಬೇಡಿ. ಮೂಗನ್ನು ಬೇಕಾದಲ್ಲಿಗೆ ಒಯ್ಯುವುದು ಕಡ್ಡಿಯ ಕೆಲಸ. ಅಲ್ಲಿ ಹಿಡಿದಿಡುವುದು ಟ್ರಿಮ್ಮಿನ ಕೆಲಸ.

ಮೂರು ಅಭ್ಯಾಸಗಳು

ಗಾಳಿ ಇಲ್ಲದ, ಮೋಡವಿಲ್ಲದ ಹವಾಮಾನ ಆರಿಸಿ. ನಕ್ಷೆಯಲ್ಲಿ ಬೇಕಲ ಕೋಟೆಯಿಂದ ಸ್ವಲ್ಪ ಪಡುವಣಕ್ಕೆ, ಕಡಲ ಮೇಲೆ, 3000 ಅಡಿ ಎತ್ತರದಲ್ಲಿ ಹಾರಾಟ ಆರಂಭಿಸಿ. ಕಡಲನ್ನೇ ಏಕೆ ಆರಿಸಿದೆನೆಂದರೆ ಅಲ್ಲಿ ದಿಗಂತ ಗೆರೆ ಎಳೆದ ಹಾಗೆ ನೇರವಾಗಿ ಕಾಣುತ್ತದೆ. ಪೂರ್ವಕ್ಕೆ ತಿರುಗಿದರೆ ಘಟ್ಟದ ಸಾಲು ಅಡ್ಡ ಬಂದು ಮೂಗು ಎಲ್ಲಿದೆ ಎಂಬ ಅಂದಾಜು ತಪ್ಪುತ್ತದೆ.

ಮೊದಲ ಅಭ್ಯಾಸ ಸಮತಟ್ಟಾದ ಹಾರಾಟ. ಎಂಜಿನ್ನನ್ನು ನಿಮಿಷಕ್ಕೆ 2300 ಸುತ್ತುಗಳಿಗೆ ಇಡಿ. ಮೂಗನ್ನು ದಿಗಂತಕ್ಕಿಂತ ತುಸು ಕೆಳಗೆ ನಿಲ್ಲಿಸಿ. ಈಗಲೇ ಟ್ರಿಮ್ ಮುಟ್ಟಬೇಡಿ. ವೇಗದ ಮುಳ್ಳು ಒಂದು ಕಡೆ ನಿಲ್ಲುವವರೆಗೆ, ಸುಮಾರು ಒಂದು ನಿಮಿಷ, ಕಾಯಿರಿ. ವೇಗ ಬದಲಾಗುತ್ತಿರುವಾಗ ಮಾಡಿದ ಟ್ರಿಮ್ ಮರುಕ್ಷಣವೇ ಹಳತಾಗುತ್ತದೆ. ವೇಗ ನೂರು ನಾಟ್ (ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲು) ಆಸುಪಾಸಿನಲ್ಲಿ ನಿಂತ ಮೇಲೆ ತಟ್ಟುತ್ತಾ ಸಡಿಲಿಸುತ್ತಾ ಕಡ್ಡಿಯನ್ನು ನಡುವಿಗೆ ತನ್ನಿ. ಪ್ರತಿ ತಟ್ಟಿಗೆ ಎರಡು ಮೂರು ಸೆಕೆಂಡು ಬಿಡಿ. ನೋಡಬೇಕಾದದ್ದು ದಿಗಂತವನ್ನು, ಏರಿಳಿತದ ವೇಗ ತೋರಿಸುವ ಮುಳ್ಳು ತಡವಾಗಿ ಹೇಳುವಂಥದ್ದು, ಅದನ್ನು ಬೆನ್ನಟ್ಟಿದರೆ ನೀವೂ ತಡವಾಗುತ್ತೀರಿ. ಕೊನೆಗೆ ಕೈ ಪೂರ್ತಿ ತೆಗೆದು ಒಂದು ನಿಮಿಷ ಎಣಿಸಿ. ಎತ್ತರ ನೂರು ಅಡಿಯೊಳಗೇ ಉಳಿದರೆ ನೀವು ಪಾಸು.

ಎರಡನೆಯದು ನನಗೆ ಅತ್ಯಂತ ಪ್ರಿಯವಾದ ಅಭ್ಯಾಸ, ಏಕೆಂದರೆ ಟ್ರಿಮ್ಮಿನ ಒಳಗುಟ್ಟು ಇಲ್ಲಿ ಬಯಲಾಗುತ್ತದೆ. ಹಾಗೆ ಸರಿಹೊಂದಿದ ವಿಮಾನದಲ್ಲಿ, ಕಡ್ಡಿಯನ್ನೂ ಟ್ರಿಮ್ಮನ್ನೂ ಮುಟ್ಟದೆ, ಥ್ರಾಟಲ್ಲನ್ನು ಮಾತ್ರ ಹಿಂದೆಳೆದು ಎಂಜಿನ್ನನ್ನು 2000 ಸುತ್ತಿಗೆ ಇಳಿಸಿ. ಮೂಗು ತಾನಾಗಿ ಬಾಗುತ್ತದೆ, ವೇಗ ಹೆಚ್ಚುತ್ತದೆ, ಮತ್ತೆ ಏಳುತ್ತದೆ, ವೇಗ ತಗ್ಗುತ್ತದೆ. ಉಯ್ಯಾಲೆಯ ಹಾಗೆ ಕೆಲವು ಸಲ ತೂಗಿ, ಪ್ರತಿ ತೂಗಿಗೂ ಸಣ್ಣದಾಗುತ್ತಾ, ಕೊನೆಗೆ ಒಂದೇ ಹದದಲ್ಲಿ ಇಳಿಯತೊಡಗುತ್ತದೆ. ಈಗ ವೇಗ ನೋಡಿ: ಹೆಚ್ಚುಕಡಿಮೆ ಮೊದಲಿನದ್ದೇ! ಮತ್ತೆ 2300ಕ್ಕೆ ಏರಿಸಿ, ಇಳಿಯುವುದು ನಿಲ್ಲುತ್ತದೆ. ಪೂರ್ತಿ ಶಕ್ತಿ ಕೊಡಿ, ಏರುತ್ತದೆ. ಟ್ರಿಮ್ ಕಾಯುವುದು ಎತ್ತರವನ್ನೆಂದು ಬಹಳ ಜನ ತಿಳಿದಿದ್ದಾರೆ. ಅದು ಕಾಯುವುದು ವೇಗವನ್ನು. ಏರಿಸುವುದೂ ಇಳಿಸುವುದೂ ಎಂಜಿನ್ನಿನ ಕೆಲಸ. ಇದು ಮನಸ್ಸಿಗೆ ಇಳಿದ ದಿನ ನನ್ನ ಲ್ಯಾಂಡಿಂಗ್‌ಗಳು ಒಮ್ಮೆಗೇ ಸುಧಾರಿಸಿದವು.

ಮೂರನೆಯದರಲ್ಲಿ ಎತ್ತರ ಬಿಡದೆ ವೇಗವನ್ನು 80 ನಾಟಿಗೆ ಇಳಿಸಿ. ವೇಗ ತಗ್ಗಿದಂತೆ ಮೂಗು ಭಾರವಾಗುತ್ತದೆ, ಮೂಗು ಎತ್ತುವ ಟ್ರಿಮ್ ಬೇಕಾಗುತ್ತದೆ. ಅಲ್ಲಿ ಸರಿಹೊಂದಿಸಿದ ಮೇಲೆ ರೆಕ್ಕೆಯ ಹಿಂಬದಿಯ ಬಾಗುವ ಪಟ್ಟಿಯನ್ನು, ಅಂದರೆ ಫ್ಲಾಪನ್ನು, ಹತ್ತು ಡಿಗ್ರಿ ಇಳಿಸಿ. ವಿಮಾನ ಗಾಳಿಪಟದಂತೆ ಮೇಲಕ್ಕೆ ಉಬ್ಬುತ್ತದೆ. ಕಡ್ಡಿಯಿಂದ ತಡೆದು, ಹಿಂದಿನಂತೆಯೇ ಟ್ರಿಮ್ಮಿಗೆ ದಾಟಿಸಿ. ಇದನ್ನು ಹತ್ತು ಸಲ ಮಾಡಿ.

ಏರುವಾಗ, ಇಳಿಯುವಾಗ, ಸಮತಟ್ಟಾಗುವಾಗ ಕ್ರಮ ಮರೆಯಬಾರದು. ಏರಲು ಅಥವಾ ಇಳಿಯಲು ಮೊದಲು ಎಂಜಿನ್, ಆಮೇಲೆ ಮೂಗು, ಕೊನೆಗೆ ಟ್ರಿಮ್. ಏರಿ ಸಮತಟ್ಟಾಗಲು ಮೊದಲು ಮೂಗು, ವೇಗ ಕೂಡಿದ ಮೇಲೆ ಎಂಜಿನ್, ಕೊನೆಗೆ ಟ್ರಿಮ್. ನಿಮಿಷಕ್ಕೆ 500 ಅಡಿ ಏರುತ್ತಿದ್ದರೆ ಗುರಿಗೆ 50 ಅಡಿ ಇರುವಾಗಲೇ ಮೂಗು ಇಳಿಸಲು ಆರಂಭಿಸಿ.

ಈಗ ಆಟೊಪೈಲಟ್

ಸೆಸ್ನಾ 172ರಲ್ಲಿ ಸಾಮಾನ್ಯವಾಗಿ ಕಾಣುವುದು ಎರಡು. ಹಳೆಯ ಮುಳ್ಳಿನ ಗಡಿಯಾರಗಳಿರುವ ವಿಮಾನದಲ್ಲಿ ಕೆಎಪಿ 140, ಗಾರ್ಮಿನ್ ಜಿ1000 ಪರದೆ ಇರುವುದರಲ್ಲಿ ಜಿಎಫ್‌ಸಿ 700. ಎರಡಕ್ಕೂ ಥ್ರಾಟಲ್ ಮೇಲೆ ಅಧಿಕಾರವಿಲ್ಲ. ಈ ಒಂದು ಮಾತನ್ನು ಗೋಡೆಗೆ ಅಂಟಿಸಿಕೊಳ್ಳಿ.

ಒಂದು ಪೂರ್ತಿ ಹಾರಾಟವನ್ನೇ ಮಾಡೋಣ. ಮಂಗಳೂರು ವಿಮಾನ ನಿಲ್ದಾಣದ 24ನೇ ರನ್‌ವೇಯಿಂದ ಹೊರಡಿ. ಅದು ನೈಋತ್ಯಕ್ಕೆ, ಕಡಲಿನ ದಿಕ್ಕಿಗೆ ಮುಖ ಮಾಡಿದೆ. ನಿಲ್ದಾಣ ಇರುವುದು ಬಜಪೆಯ ಗುಡ್ಡದ ಮೇಲೆ, ಸಮುದ್ರಮಟ್ಟದಿಂದ ಸುಮಾರು ನೂರು ಮೀಟರ್ ಎತ್ತರದಲ್ಲಿ. ಟ್ರಿಮ್ ಚಕ್ರದ ಸೂಚಕ ಟೇಕ್‌ಆಫ್ ಗುರುತಿನಲ್ಲಿದೆಯೇ ನೋಡಿ. 55 ನಾಟಿನಲ್ಲಿ ಮೂಗು ಎತ್ತಿ, 80ರಲ್ಲಿ ಏರುತ್ತಾ, ಕೈಯಿಂದಲೇ ಟ್ರಿಮ್ ಮಾಡಿ. ನೆಲದಿಂದ ಸಾವಿರ ಅಡಿ ಮೇಲೇರುವವರೆಗೆ ಆಟೊಪೈಲಟ್ ಬೇಡ ಎಂಬುದು ನಾನು ನನಗೆ ಹಾಕಿಕೊಂಡ ಕಟ್ಟಳೆ.

ಗುಂಡಿ ಒತ್ತುವ ಮೊದಲು ಐದು ಸಂಗತಿಗಳನ್ನು ನೋಡಿಕೊಳ್ಳುತ್ತೇನೆ. ಕೈಬಿಟ್ಟರೆ ವಿಮಾನ ತಾನಾಗಿ ನಿಲ್ಲುತ್ತದೆಯೇ? ಎತ್ತರಮಾಪಕಕ್ಕೆ ಸರಿಯಾದ ಗಾಳಿಯೊತ್ತಡ ಕೊಟ್ಟಿದ್ದೇನೆಯೇ? ಒಂದು ಹೆಕ್ಟೊಪ್ಯಾಸ್ಕಲ್ ತಪ್ಪಿದರೆ ಮೂವತ್ತು ಅಡಿಯಷ್ಟು ತಪ್ಪುತ್ತದೆ, ಕೆಎಪಿ 140ಕ್ಕಾದರೆ ಒತ್ತಡವನ್ನು ಪ್ರತ್ಯೇಕವಾಗಿ ಕೊಡಬೇಕು. ಹೆಡಿಂಗ್ ಗುರುತು, ಅಂದರೆ ಹೋಗಬೇಕಾದ ದಿಕ್ಕನ್ನು ತೋರಿಸುವ ಗುರುತು, ಮೂಗಿನ ನೇರಕ್ಕೆ ಇದೆಯೇ? ಇಲ್ಲದಿದ್ದರೆ ಹೆಡಿಂಗ್ ಒತ್ತಿದ ಕೂಡಲೇ ವಿಮಾನ ಎತ್ತಲೋ ಮಗುಚುತ್ತದೆ. ತಲುಪಬೇಕಾದ ಎತ್ತರ, ಇಲ್ಲಿ 3000 ಅಡಿ, ಆಟೊಪೈಲಟ್ಟಿನ ಎತ್ತರದ ಕಿಟಕಿಯಲ್ಲಿ ಬರೆದಿದೆಯೇ? ಜಾಯ್‌ಸ್ಟಿಕ್ ನಡುವಿನಲ್ಲಿದೆಯೇ? ಎಲ್ಲವೂ ಹೌದೆಂದಾದರೆ ಆಟೊಪೈಲಟ್ ಒತ್ತಿ, ಆಮೇಲೆ ಹೆಡಿಂಗ್ ಒತ್ತಿ, ಕೈಯನ್ನು ಕಡ್ಡಿಯಿಂದ ತೆಗೆದು ತೊಡೆಯ ಮೇಲಿಡಿ. ಆಟೊಪೈಲಟ್ ನಡೆಸುತ್ತಿರುವಾಗ ನೀವು ಕಡ್ಡಿ ಎಳೆದರೆ ಅದು ನಿಮ್ಮ ವಿರುದ್ಧ ದಿಕ್ಕಿಗೆ ಟ್ರಿಮ್ ತಿರುಗಿಸುತ್ತಾ ಹೋಗುತ್ತದೆ. ಬಿಟ್ಟಾಗ ಬೀಳುವ ಪೆಟ್ಟು ದೊಡ್ಡದು.

ಒತ್ತಿದ ಮೇಲೆ ಪರದೆಯ ನೆತ್ತಿಯನ್ನು ಓದಿ. ಜಿ1000ದಲ್ಲಿ ಹಸಿರು ಅಕ್ಷರ ಈಗ ನಡೆಯುತ್ತಿರುವುದು, ಬಿಳಿ ಅಕ್ಷರ ಸರದಿಯಲ್ಲಿ ಕಾದಿರುವುದು. ಬೆರಳು ಯಾವ ಗುಂಡಿ ಒತ್ತಿತು ಎಂಬುದನ್ನು ನಂಬಬೇಡಿ, ಅಕ್ಷರಗಳನ್ನು ನಂಬಿ. ಸಿಮ್ಯುಲೇಟರಿನಲ್ಲಿ ಮೌಸ್ ಒತ್ತು ಒಂದೊಂದು ಸಲ ತಾಗುವುದೇ ಇಲ್ಲ.

ಏರಲು ಎರಡು ದಾರಿ. ವರ್ಟಿಕಲ್ ಸ್ಪೀಡ್‌ನಲ್ಲಿ ನಿಮಿಷಕ್ಕೆ ಇಷ್ಟು ಅಡಿ ಏರು ಎಂದು ಹೇಳುತ್ತೀರಿ. ಅದು ಹೇಳಿದ್ದನ್ನು ಮಾಡಿಯೇ ತೀರುತ್ತದೆ, ವೇಗ ಸತ್ತರೂ ಸರಿ. ಆರಂಭದ ದಿನಗಳಲ್ಲಿ ಒಮ್ಮೆ ನಿಮಿಷಕ್ಕೆ 1200 ಅಡಿ ಎಂದು ಕೊಟ್ಟು, ಅಂಗಳದಲ್ಲಿ ಒಣಹಾಕಿದ ಅಡಿಕೆಗೆ ಮಳೆಹನಿ ಬಿದ್ದ ಸದ್ದು ಕೇಳಿ ಟಾರ್ಪಾಲು ಹೊದೆಸಲು ಓಡಿದೆ. ಮರಳಿ ಬಂದಾಗ ಸ್ಟಾಲ್ ಎಚ್ಚರಿಕೆಯ ಕೂಗು, ಅಂದರೆ ರೆಕ್ಕೆ ಇನ್ನು ವಿಮಾನವನ್ನು ಎತ್ತಿ ಹಿಡಿಯಲಾರದು ಎಂಬ ಎಚ್ಚರಿಕೆ. ಪರದೆಯಲ್ಲಿ ಆಕಾಶ ಬಿಟ್ಟು ಇನ್ನೇನೂ ಇರಲಿಲ್ಲ. ಆಟೊಪೈಲಟ್ ಮೂಗನ್ನು ಎತ್ತುತ್ತಾ ಎತ್ತುತ್ತಾ ಟ್ರಿಮ್ಮನ್ನು ಕೊನೆಯ ತನಕ ಉರುಳಿಸಿಬಿಟ್ಟಿತ್ತು. ಅದನ್ನು ಆಫ್ ಮಾಡಿದ ಮೇಲೂ ಮೂಗು ಇಳಿಯಲು ಒಪ್ಪಲಿಲ್ಲ, ವಿಮಾನ ಕಡಲಿಗೆ ಬಿತ್ತು. ಅಂದಿನಿಂದ ಈ ವಿಮಾನದಲ್ಲಿ ಏರುವಾಗ ನಿಮಿಷಕ್ಕೆ 500 ಅಡಿಗಿಂತ ಹೆಚ್ಚು ಕೇಳುವುದಿಲ್ಲ, ಕಣ್ಣನ್ನು ವೇಗದಿಂದ ತೆಗೆಯುವುದೂ ಇಲ್ಲ.

ಜಿಎಫ್‌ಸಿ 700ರಲ್ಲಿ ಇನ್ನೊಂದು ದಾರಿ ಇದೆ: ಎಫ್‌ಎಲ್‌ಸಿ. ಇದಕ್ಕೆ ವೇಗ ಹೇಳುತ್ತೀರಿ. 80 ನಾಟ್ ಎಂದರೆ 80. ಪೂರ್ತಿ ಶಕ್ತಿ ಕೊಟ್ಟರೆ ಎಷ್ಟು ಏರಬಲ್ಲುದೋ ಅಷ್ಟೇ ಏರುತ್ತದೆ, ಸ್ಟಾಲ್ ಹತ್ತಿರ ಸುಳಿಯುವುದಿಲ್ಲ. ಎರಡನೆಯ ಅಭ್ಯಾಸದಲ್ಲಿ ಕಂಡ ಅದೇ ಸತ್ಯ. ಏರುವುದಕ್ಕೆ ಇದನ್ನೇ ಬಳಸಿ ಎನ್ನುತ್ತೇನೆ.

3000 ಅಡಿ ಸಮೀಪಿಸಿದಾಗ ಆಟೊಪೈಲಟ್ ತಾನೇ ಸಮತಟ್ಟಾಗಿಸುತ್ತದೆ. ಆಲ್ಟಿಟ್ಯೂಡ್ ಗುಂಡಿಯನ್ನು ನಡುವೆ ಒತ್ತಬೇಡಿ. ಆ ಗುಂಡಿಯ ಅರ್ಥ "ಈಗ ಇರುವ ಎತ್ತರದಲ್ಲೇ ನಿಲ್ಲು" ಎಂದು. ಕಿಟಕಿಯಲ್ಲಿ ಬರೆದ ಎತ್ತರಕ್ಕೂ ಅದಕ್ಕೂ ಸಂಬಂಧವಿಲ್ಲ. ಸಮತಟ್ಟಾಗಿ ವೇಗ ಕೂಡಿದ ಮೇಲೆ ಎಂಜಿನ್ನನ್ನು 2300ರಿಂದ 2400 ಸುತ್ತಿನೊಳಗೆ ಇಳಿಸುವುದು ನಿಮ್ಮ ಕೆಲಸ.

ಉಳ್ಳಾಲದ ನೇತ್ರಾವತಿ ಅಳಿವೆಯ ಮೇಲೆ ಹೆಡಿಂಗ್ 155ಕ್ಕೆ ತಿರುಗಿಸಿ. ಗಾಳಿ ಇಲ್ಲದ ದಿನ ಅದೊಂದೇ ಅಂಕಿ ಕರಾವಳಿಯನ್ನು ಹಿಡಿದು ತಲಪಾಡಿ, ಮಂಜೇಶ್ವರ, ಕುಂಬಳೆ, ಚಂದ್ರಗಿರಿ ಹೊಳೆ ದಾಟಿಸಿ ಹದಿನೈದು ನಿಮಿಷದಲ್ಲಿ ಬೇಕಲಕ್ಕೆ ತಲುಪಿಸುತ್ತದೆ. ಬಸ್ಸಿನಲ್ಲಿ ಎಷ್ಟೋ ಸಲ ದಾಟಿದ ಸೇತುವೆಗಳನ್ನು ಒಂದೊಂದಾಗಿ ಮೇಲಿನಿಂದ ಗುರುತಿಸುವ ಸಂತೋಷವನ್ನು ಪ್ರತಿಯೊಬ್ಬ ಗಡಿನಾಡಿಗನೂ ಒಮ್ಮೆ ಅನುಭವಿಸಬೇಕು. ಎರಡನೆಯ ಸಲ ಪಡುವಣ ಗಾಳಿಯನ್ನು 20 ನಾಟ್ ಇಟ್ಟು ಇದೇ ಹಾರಾಟ ಮಾಡಿ. ಬೇಕಲದ ನೇರಕ್ಕೆ ಬರುವಾಗ ನೀವು ನಾಲ್ಕೈದು ನಾಟಿಕಲ್ ಮೈಲು ಒಳನಾಡಿನಲ್ಲಿ, ತೋಟಗುಡ್ಡಗಳ ಮೇಲೆ ಇರುತ್ತೀರಿ. ಕೋಟೆ ದೂರದಲ್ಲಿ ಬಲಕ್ಕೆ ಕಾಣುತ್ತದೆ. ಹೆಡಿಂಗ್ ಮೂಗಿನ ದಿಕ್ಕನ್ನು ಕಾಯುತ್ತದೆಯೇ ಹೊರತು ನೆಲದ ಮೇಲಿನ ದಾರಿಯನ್ನಲ್ಲ. 165ಕ್ಕೆ ತಿರುಗಿಸಿದರೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಜಿಪಿಎಸ್‌ನಲ್ಲಿ ದಾರಿ ಬರೆದು ನ್ಯಾವ್ ಒತ್ತಿದರೆ ಈ ಲೆಕ್ಕವನ್ನು ಅದೇ ಮಾಡಿಕೊಳ್ಳುತ್ತದೆ. ಆದರೆ ನ್ಯಾವ್ ಒತ್ತುವ ಮೊದಲು ದಾರಿ ತೋರುವ ಸೂಚಕ ಜಿಪಿಎಸ್‌ನ ನೇರಳೆ ಬಣ್ಣದಲ್ಲಿದೆಯೇ, ರೇಡಿಯೊದ ಹಸಿರಿನಲ್ಲಿದೆಯೇ ನೋಡಿಕೊಳ್ಳಿ.

ಇಳಿಯುವುದು, ಕೈಗೆ ತೆಗೆದುಕೊಳ್ಳುವುದು

ಇಳಿಯಲು ಕೆಳಗಿನ ಎತ್ತರವನ್ನು ಮೊದಲು ಬರೆದು, ವರ್ಟಿಕಲ್ ಸ್ಪೀಡ್‌ನಲ್ಲಿ ನಿಮಿಷಕ್ಕೆ 500 ಅಡಿ ಇಳಿ ಎಂದು ಕೊಟ್ಟು, ಎಂಜಿನ್ ತಗ್ಗಿಸಿ. ತಗ್ಗಿಸದಿದ್ದರೆ ವೇಗ 129 ನಾಟಿನಿಂದಾಚೆ ಹಳದಿ ಪಟ್ಟಿಗೆ ಜಾರುತ್ತದೆ.

ಮಂಗಳೂರಿಗೆ ಮರಳುವಾಗ 24ನೇ ರನ್‌ವೇಯ ಐಎಲ್‌ಎಸ್, ಅಂದರೆ ರನ್‌ವೇಗೆ ಇಳಿಯುವ ದಾರಿ ತೋರುವ ರೇಡಿಯೊ ಸಂಕೇತವನ್ನು, ಹಿಡಿಯೋಣ. ಅದರ ಆವೃತ್ತಿಯನ್ನು ರೇಡಿಯೊಗೆ ಕೊಟ್ಟು ಸೂಚಕವನ್ನು ಹಸಿರಿಗೆ ಬದಲಿಸಿ. ನಿಲ್ದಾಣದ ಈಶಾನ್ಯಕ್ಕೆ ಹತ್ತು ನಾಟಿಕಲ್ ಮೈಲು ದೂರದಲ್ಲಿ, 3000 ಅಡಿಯಲ್ಲಿ, ರನ್‌ವೇ ಗೆರೆಗೆ ಮೂವತ್ತು ಡಿಗ್ರಿ ಓರೆಯಾಗಿ ಬನ್ನಿ. ಮೂರು ಡಿಗ್ರಿ ಇಳಿಜಾರು ಅಲ್ಲಿ ಸುಮಾರು 3500 ಅಡಿ ಎತ್ತರದಲ್ಲಿರುತ್ತದೆ, ಅಂದರೆ ನಿಮ್ಮ ತಲೆಯ ಮೇಲೆ. ಹಾಗೆಯೇ ಇರಬೇಕು, ಆಟೊಪೈಲಟ್ ಅದನ್ನು ಕೆಳಗಿನಿಂದ ಹಿಡಿಯುತ್ತದೆ. ಮೇಲಿನಿಂದ ಬೆನ್ನಟ್ಟಲು ಹೋಗಬೇಡಿ. ಅಪ್ರೋಚ್ ಗುಂಡಿ ಒತ್ತಿ, ರನ್‌ವೇ ಗೆರೆಯದು, ಇಳಿಜಾರಿನದು ಎರಡೂ ಅಕ್ಷರಗಳು ಬಿಳಿಯಿಂದ ಹಸಿರಾಗುವುದನ್ನು ಕಾಯಿರಿ. ಫ್ಲಾಪ್ ಹತ್ತು ಡಿಗ್ರಿ, ವೇಗ 80. ಇಳಿಯುವ ವೇಗ ಎಷ್ಟಿರಬೇಕೆಂದರೆ ನೆಲದ ಮೇಲಿನ ವೇಗವನ್ನು ಐದರಿಂದ ಗುಣಿಸಿ: 80ಕ್ಕೆ ನಿಮಿಷಕ್ಕೆ 400 ಅಡಿ. ಇದಕ್ಕಿಂತ ಬಹಳ ಬೇರೆಯಾಗಿದ್ದರೆ ಏನೋ ತಪ್ಪಿದೆ.

ನೆಲದಿಂದ 500 ಅಡಿ ಇರುವಾಗ ಆಟೊಪೈಲಟ್ ಆಫ್ ಮಾಡಿ. ಅದಕ್ಕೂ ಮೊದಲು ಕಡ್ಡಿಯನ್ನು ಹಿಡಿದಿರಿ, ವೇಗ ನೋಡಿ, ಟ್ರಿಮ್ ಸೂಚಕದ ಮೇಲೂ ಒಮ್ಮೆ ಕಣ್ಣು ಹಾಯಿಸಿ. ಆಟೊಪೈಲಟ್ ಯಾವ ವೇಗದಲ್ಲಿತ್ತೋ ಆ ವೇಗಕ್ಕೆ ಟ್ರಿಮ್ ಮಾಡಿಟ್ಟಿರುತ್ತದೆ. ನೀವು ಎಂಜಿನ್ ತಗ್ಗಿಸಿ ಮರೆತು, ಅದು ಎತ್ತರ ಉಳಿಸಲು ಮೂಗನ್ನು ಎತ್ತುತ್ತಲೇ ಹೋಗಿದ್ದರೆ, ಆಫ್ ಮಾಡಿದ ಕ್ಷಣ ಆ ಸಾಲವೆಲ್ಲ ನಿಮ್ಮ ಕೈಗೆ ಬೀಳುತ್ತದೆ. ಟ್ರಿಮ್ಮಿಗೆ ಪ್ರತ್ಯೇಕ ಚಕ್ರದ ಉಪಕರಣ ಜೋಡಿಸಿದವರು ಇನ್ನೂ ಜಾಗ್ರತೆ: ಮೇಜಿನ ಚಕ್ರ ಒಂದು ಕಡೆ, ವಿಮಾನದ ಟ್ರಿಮ್ ಇನ್ನೊಂದು ಕಡೆ ಇದ್ದರೆ, ಚಕ್ರ ಮುಟ್ಟಿದಾಗ ಮೂಗು ಹಾರುತ್ತದೆ.

ಇಳಿಯಲಾಗದೆ ಮತ್ತೆ ಮೇಲೇರಬೇಕಾದರೆ ಪೂರ್ತಿ ಶಕ್ತಿ ಕೊಡುವ ಕೈಯ ಜೊತೆಗೇ ಇನ್ನೊಂದು ಕೈ ಕಡ್ಡಿಯನ್ನು ಗಟ್ಟಿಯಾಗಿ ಮುಂದಕ್ಕೆ ಒತ್ತಬೇಕು. ನಿಧಾನ ವೇಗಕ್ಕೆ ಮಾಡಿದ ಟ್ರಿಮ್ಮಿಗೆ ಎಂಜಿನ್ನಿನ ಪೂರ್ತಿ ಬಲ ಸೇರಿದರೆ ಮೂಗು ನೆಟ್ಟಗೆ ಏಳುತ್ತದೆ. ಹಿಡಿದು ನಿಲ್ಲಿಸಿ, ಕೂಡಲೇ ಟ್ರಿಮ್ ಇಳಿಸುತ್ತಾ ಬನ್ನಿ.

ಆಟೊಪೈಲಟ್ ನಡೆಸುತ್ತಿರುವಾಗ ವಿಮಾನ ಅಲೆಯ ಮೇಲಿನ ದೋಣಿಯಂತೆ ಏರಿಳಿಯುತ್ತಿದ್ದರೆ ಸಿಮ್ಯುಲೇಟರಿನ ಕಾಲದ ವೇಗವನ್ನು ಹೆಚ್ಚಿಸಿದ್ದೀರಾ ನೋಡಿ. ನಾಲ್ಕು ಪಟ್ಟು ವೇಗದಲ್ಲಿ ಓಡಿಸಿದರೆ ಅದು ತನ್ನನ್ನು ತಾನೇ ಬೆನ್ನಟ್ಟುತ್ತದೆ. ಕಂಪ್ಯೂಟರ್ ತಡವರಿಸುತ್ತಿದ್ದರೂ ಹೀಗಾಗುತ್ತದೆ, ಚಿತ್ರದ ಗುಣಮಟ್ಟ ತಗ್ಗಿಸಿ. ಆಟೊಪೈಲಟ್ ತಾನಾಗಿ ಬಿಟ್ಟುಕೊಡುತ್ತಿದ್ದರೆ ಜಾಯ್‌ಸ್ಟಿಕ್ಕಿನ ಯಾವುದೋ ಗುಂಡಿಗೆ ಆ ಆಜ್ಞೆ ಎರಡು ಸಲ ಜೋಡಣೆಯಾಗಿರಬಹುದು, ಅಥವಾ ಕಡ್ಡಿ ನಡುಗುತ್ತಿರಬಹುದು. ಹತ್ತಿಕೊಳ್ಳುವುದೇ ಇಲ್ಲವೆಂದರೆ ವಿಮಾನದ ವಿದ್ಯುನ್ಮಾನ ಉಪಕರಣಗಳ ಏವಿಯಾನಿಕ್ಸ್ ಸ್ವಿಚ್ ಹಾಕಿದ್ದೀರಾ ನೋಡಿ.

ರನ್‌ವೇ ಬಿಟ್ಟು ಬಂದು ನಿಂತ ಮೇಲೆ ಫ್ಲಾಪ್ ಎತ್ತಿ, ಟ್ರಿಮ್ ಚಕ್ರವನ್ನು ಟೇಕ್‌ಆಫ್ ಗುರುತಿಗೆ ಉರುಳಿಸಿ, ಆಮೇಲೆ ಎಂಜಿನ್ ಆರಿಸಿ. ರಜೆ ಮುಗಿಸಿ ಹೊರಡುವ ಹಿಂದಿನ ರಾತ್ರಿ ಅಕ್ಕನ ಮಗ, ನಾನು ಹೇಳದೆಯೇ, ಆ ಚಕ್ರವನ್ನು ಗುರುತಿಗೆ ತಂದು ನಿಲ್ಲಿಸಿ ಕಂಪ್ಯೂಟರ್ ಆರಿಸಿದ.